ಪಿಎ ಓದಿಗೆ ಮುಂಚೆ ಹಾಕಬೇಕಾದ ಎರಡು ಲೆಕ್ಕ

ಅಮೆರಿಕದಲ್ಲಿ ಫಿಜಿಶಿಯನ್ ಅಸಿಸ್ಟೆಂಟ್ (ಪಿಎ), ಅಂದರೆ ವೈದ್ಯರ ಜೊತೆಗಿದ್ದು ರೋಗಿಗಳನ್ನು ನೋಡಿ ಔಷಧ ಬರೆಯುವ ವೃತ್ತಿಯವರು, ಆಗುವ ಯೋಚನೆ ಬಂದವರು ಮೊದಲು ಹುಡುಕುವುದು ಸಂಬಳ. ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರ ಮೇ ತಿಂಗಳಲ್ಲಿ ಪಿಎಗಳ ಮಧ್ಯಮ ಸಂಬಳ ವರ್ಷಕ್ಕೆ 1,33,260 ಡಾಲರ್. ಸಂಖ್ಯೆ ಸರಿಯೇ. ಆದರೆ ಇಪ್ಪತ್ತು ವರ್ಷದಿಂದ ಆಪರೇಷನ್ ಥಿಯೇಟರಿನಲ್ಲಿ ನಿಂತವರೂ ಅದರೊಳಗಿದ್ದಾರೆ. ಈಗಷ್ಟೇ ಲೈಸೆನ್ಸ್ ಪಡೆದವರು 1,10,000 ಹಿಡಿದು ಲೆಕ್ಕಕ್ಕೆ ಕೂರುವುದು ಕ್ಷೇಮ. ಹೆಚ್ಚು ಬಂದರೆ ಲಾಭ ಅಂದುಕೊಳ್ಳಿ.

ಈ ಓದಿಗೆ ನಾನು ಎರಡು ಬೇರೆ ಬೇರೆ ಹಾಳೆ ಇಟ್ಟುಕೊಳ್ಳುತ್ತೇನೆ. ಒಂದು ಸಾಲದ್ದು, ಇನ್ನೊಂದು ಬಿಟ್ಟು ಬರುವ ಕೆಲಸದ್ದು. ಹೆಚ್ಚಿನವರು ಎಡವುವುದು ಇವೆರಡನ್ನೂ ಒಂದೇ ಹಾಳೆಗೆ ತುರುಕಿದಾಗ. ಓದುವಾಗಿನ ಮನೆ ಬಾಡಿಗೆಯನ್ನೂ ಕೂಡಿಸುತ್ತಾರೆ, ಕೈತಪ್ಪಿದ ಸಂಬಳವನ್ನೂ ಪೂರ್ತಿ ಕೂಡಿಸುತ್ತಾರೆ. ಓದಲಿ, ಓದದಿರಲಿ, ಬಾಡಿಗೆ ಕಟ್ಟುವುದು ತಪ್ಪುವುದಿಲ್ಲವಲ್ಲ. ಒಂದೇ ಖರ್ಚು ಎರಡು ಸಲ ಬಂದು ಕೂತು ಮೊತ್ತ ಸುಮ್ಮನೆ ಉಬ್ಬುತ್ತದೆ.

ಮೊದಲು ಸಾಲದ ಹಾಳೆ. ಕೋರ್ಸ್ ಸಾಮಾನ್ಯವಾಗಿ 27 ತಿಂಗಳು, ಮಧ್ಯೆ ದೊಡ್ಡ ರಜೆ ಇಲ್ಲ. ಕೆಲಸ ಮಾಡುತ್ತಾ ಓದುತ್ತೇನೆ ಅನ್ನುವ ಮಾತನ್ನು ಬಿಟ್ಟುಬಿಡಿ, ಬಹಳಷ್ಟು ಕಾಲೇಜುಗಳು ಅದಕ್ಕೆ ಒಪ್ಪುವುದೇ ಇಲ್ಲ. ಉದಾಹರಣೆಗೆ ಶುಲ್ಕ 95,000 ಡಾಲರ್, ಊಟ-ವಸತಿ ತಿಂಗಳಿಗೆ 2,000ದಂತೆ 54,000, ಪುಸ್ತಕ, ಸ್ಟೆತಸ್ಕೋಪು, ರೊಟೇಶನ್ನಿಗೆ (ಆಸ್ಪತ್ರೆಗಳಲ್ಲಿ ಸರದಿ ತರಬೇತಿಗೆ) ಓಡಾಟ ಎಲ್ಲ ಸೇರಿ 6,000 ಎಂದಿಟ್ಟುಕೊಳ್ಳಿ. ಒಟ್ಟು 1,55,000. ಸ್ನಾತಕೋತ್ತರ ಓದಿನ ಸಾಮಾನ್ಯ ಸರ್ಕಾರಿ ಸಾಲದ ಬಡ್ಡಿ 2025-26ರ ಸಾಲಿಗೆ 7.94 ಶೇಕಡಾ, ಪೂರ್ತಿ ಮೊತ್ತಕ್ಕೂ ಅದನ್ನೇ ಹಿಡಿದಿದ್ದೇನೆ. ಓದುತ್ತಿರುವಾಗಲೂ ಅದು ಬೆಳೆಯುತ್ತಲೇ ಇರುತ್ತದೆ. ಓದು ಮುಗಿದು ಆರು ತಿಂಗಳ ಬಿಡುವು ಕಳೆದು ಮೊದಲ ಕಂತು ಕಟ್ಟುವ ದಿನಕ್ಕೆ ಬಾಕಿ ಸುಮಾರು 1,75,000 ಆಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ 2,120 ಡಾಲರ್.

1,10,000 ಸಂಬಳದಲ್ಲಿ ತೆರಿಗೆ, ವಿಮೆ, ನಿವೃತ್ತಿ ನಿಧಿ ಕಳೆದು ಒಂಟಿ ವ್ಯಕ್ತಿಯ ಕೈಗೆ ಬರುವುದು ರಾಜ್ಯ ನೋಡಿಕೊಂಡು 6,400ರ ಆಸುಪಾಸು. ಕಂತು ಹೋದ ಮೇಲೆ ಉಳಿಯುವುದು 4,280. ಈ ಒಂದು ಸಂಖ್ಯೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮುಂದಿನ ಹಾಳೆಗೆ ಬೇಕಾಗಿರುವುದು ಇದೇ.

ಈಗ ಎರಡನೆಯ ಹಾಳೆ. ಮೆಡಿಕಲ್ ಅಸಿಸ್ಟೆಂಟ್ ಆಗಿ ವರ್ಷಕ್ಕೆ 38,000 ದುಡಿಯುವವರಿಗೆ ತಿಂಗಳಿಗೆ ಕೈಗೆ ಬರುವುದು 2,500ರ ಹತ್ತಿರ. ಅವರಿಗೆ ಸಾಲದ ಕಂತು ಕಟ್ಟುತ್ತಿರುವಾಗಲೇ 1,780 ಡಾಲರ್ ಹೆಚ್ಚು ಸಿಗುತ್ತದೆ. ಓದುವಾಗ ಕಳೆದುಕೊಂಡದ್ದು ಮೊದಲ ವರ್ಷದಲ್ಲೇ ಹೆಚ್ಚು ಕಡಿಮೆ ಮುಟ್ಟಿಬಿಡುತ್ತದೆ. ಅವರು ಕಣ್ಣು ಮುಚ್ಚಿ ಹೊರಡಬಹುದು.

ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ 95,000 ಎಣಿಸುವವರಿಗೆ ಕೈಗೆ ಬರುವುದು 5,600. ಅದನ್ನು ಬಿಟ್ಟು ಪಿಎ ಆದರೆ ಹತ್ತು ವರ್ಷ ಪ್ರತಿ ತಿಂಗಳೂ 1,320 ಕಡಿಮೆ. ಓದು, ಪರೀಕ್ಷೆ, ಲೈಸೆನ್ಸ್ ಸೇರಿ 31 ತಿಂಗಳು ಸಂಬಳವಿಲ್ಲ. 27 ತಿಂಗಳ ಊಟ-ವಸತಿಗೆ ಸಾಲದಿಂದ ಬರುವ 54,000 ಕಳೆದರೂ ಅಲ್ಲಿ 1,19,600 ಹೋಯಿತು. ಹತ್ತು ವರ್ಷದ ಕೊರತೆ 1,58,400. ಒಟ್ಟು 2,78,000. ಸಾಲ ತೀರಿದ ಮೇಲೆ ಸಿಗುವ ಹೆಚ್ಚುವರಿ ತಿಂಗಳಿಗೆ 800. ಭಾಗಿಸಿ ನೋಡಿದರೆ ಇನ್ನೂ 29 ವರ್ಷ. ಅಂದರೆ ಇವತ್ತು ಹೊರಟವರು ನಲವತ್ತು ವರ್ಷದ ಮೇಲೆ ಮೊದಲಿದ್ದ ಜಾಗಕ್ಕೆ ಬರುತ್ತಾರೆ. ಎರಡೂ ಕಡೆ ಸಂಬಳ ಏರುವುದನ್ನು ನಾನು ಹಿಡಿದಿಲ್ಲ, ನಿಮ್ಮ ಅಂಕಿ ಹಾಕಿಕೊಳ್ಳಿ. ಐಟಿ ಕೆಲಸ ಹೋಗುವ ಭಯ, ರೋಗಿಗಳ ಜೊತೆ ಕೆಲಸ ಮಾಡುವ ಆಸೆ, ಇವೆಲ್ಲ ನ್ಯಾಯವಾದ ಕಾರಣಗಳೇ. ದುಡ್ಡಿಗಾಗಿ ಮಾತ್ರ ಹೋಗಬೇಡಿ.

2026ರಿಂದ ಸಾಲ ಸಿಗುವ ದಾರಿಯೇ ಬದಲಾಗಿದೆ. 2025ರ ಜುಲೈನಲ್ಲಿ ಬಂದ ಕಾಯ್ದೆಯ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಓದಿನ ಪೂರ್ತಿ ಖರ್ಚಿನವರೆಗೂ ಸಿಗುತ್ತಿದ್ದ ಗ್ರ್ಯಾಡ್ ಪ್ಲಸ್ ಎಂಬ ಸರ್ಕಾರಿ ಸಾಲ ಇಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗೆ ವರ್ಷಕ್ಕೆ 20,500, ಒಟ್ಟು ಒಂದು ಲಕ್ಷ ಡಾಲರಿಗೆ ಮಿತಿ. ವೈದ್ಯಕೀಯ, ದಂತವೈದ್ಯ, ಕಾನೂನಿನಂಥ ಪದವಿಗಳಿಗೆ ವರ್ಷಕ್ಕೆ 50,000 ಸಿಗುತ್ತದೆ, ಆದರೆ 2025ರ ನವೆಂಬರಿನಲ್ಲಿ ಶಿಕ್ಷಣ ಇಲಾಖೆಯ ಸಮಿತಿ ಒಪ್ಪಿದ ಪಟ್ಟಿಯಲ್ಲಿ ಪಿಎ ಇರಲಿಲ್ಲ. 27 ತಿಂಗಳು ಮೂರು ಶೈಕ್ಷಣಿಕ ವರ್ಷಕ್ಕೆ ಹರಡಿದರೂ ಸರ್ಕಾರಿ ಸಾಲ 61,500 ದಾಟುವುದಿಲ್ಲ. ಮಿಕ್ಕ 93,500 ಖಾಸಗಿ ಬ್ಯಾಂಕಿನಿಂದ ತರಬೇಕು, ಎಷ್ಟೋ ಸಲ ಜಾಮೀನಿಗೆ ಒಬ್ಬರು ಬೇಕಾಗುತ್ತಾರೆ. ಲಾಭದ ಉದ್ದೇಶವಿಲ್ಲದ ಆಸ್ಪತ್ರೆಯಲ್ಲಿ ದುಡಿದು 120 ಕಂತು ಕಟ್ಟಿದ ಮೇಲೆ ಉಳಿದ ಬಾಕಿ ಮನ್ನಾ ಆಗುವ ಯೋಜನೆ ಖಾಸಗಿ ಸಾಲಕ್ಕೆ ಅನ್ವಯಿಸುವುದಿಲ್ಲ. ಸೀಟು ಒಪ್ಪಿಕೊಂಡು ಠೇವಣಿ ಕಟ್ಟುವ ಮುಂಚೆ ಕಾಲೇಜಿನ ಹಣಕಾಸು ನೆರವು ಕಚೇರಿಯಿಂದ ನಿಮ್ಮ ಹೆಸರಿಗೆ ಎಷ್ಟು ಸರ್ಕಾರಿ ಸಾಲ ಎಂದು ಬರಹದಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ನಡೆಯುವುದಿಲ್ಲ.

ಎಚ್-1ಬಿ, ಎಚ್-4, ಎಫ್-1 ವೀಸಾದಲ್ಲಿರುವವರಿಗೆ ಸರ್ಕಾರಿ ಸಾಲ ಇಲ್ಲವೇ ಇಲ್ಲ. ಬಹಳ ಕಾಲೇಜುಗಳು ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ ಸೀಟು ಕೊಡುತ್ತವೆ. ಅರ್ಜಿ ಹಾಕಿ ದುಡ್ಡು ಕಟ್ಟಿದ ಮೇಲೆ ಈ ಸಾಲು ಕಣ್ಣಿಗೆ ಬೀಳಬಾರದು. ಮೊದಲೇ ಒಂದು ಪಟ್ಟಿ ಮಾಡಿ ಅಂಥ ಕಾಲೇಜುಗಳನ್ನು ಹೊಡೆದುಹಾಕಿ. ಇನ್ನೊಂದು ಪ್ರಶ್ನೆ ಬೆಂಗಳೂರು, ಮಣಿಪಾಲದ ಕಡೆಯಿಂದ ಪದೇ ಪದೇ ಬರುತ್ತದೆ: ಇಲ್ಲಿ ಬಿಎಸ್ಸಿ ಫಿಜಿಶಿಯನ್ ಅಸಿಸ್ಟೆಂಟ್ ಮುಗಿಸಿದ್ದೇನೆ, ಅಲ್ಲಿ ಪರೀಕ್ಷೆ ಬರೆಯಬಹುದೇ? ಆಗದು. ಅಮೆರಿಕದ ಎಆರ್‌ಸಿ-ಪಿಎ ಎಂಬ ಸಂಸ್ಥೆಯ ಮಾನ್ಯತೆ ಇರುವ ಕಾಲೇಜಿನಲ್ಲಿ ಓದಿದವರಿಗೆ ಮಾತ್ರ ಪ್ಯಾನ್ಸ್ ಎಂಬ ಪಿಎ ಲೈಸೆನ್ಸಿನ ಪರೀಕ್ಷೆಗೆ ಕೂರಲು ಬಿಡುತ್ತಾರೆ. ಎಂಬಿಬಿಎಸ್ ಆದವರಿಗೂ ಇದೇ ನಿಯಮ. ಅವರು 27 ತಿಂಗಳು ಮತ್ತೆ ಬೆಂಚಿನ ಮೇಲೆ ಕೂರುವ ಬದಲು ಯುಎಸ್‌ಎಂಎಲ್‌ಇ ಎಂಬ ವೈದ್ಯರ ಲೈಸೆನ್ಸ್ ಪರೀಕ್ಷೆ ಬರೆದು ರೆಸಿಡೆನ್ಸಿಗೆ (ಆಸ್ಪತ್ರೆಯಲ್ಲಿ ವೈದ್ಯರಿಗೆ ಕೊಡುವ ತರಬೇತಿಗೆ) ಪ್ರಯತ್ನಿಸುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ.

ಸೀಟಿಗೆ ಮುಂಚಿನ ಖರ್ಚನ್ನು ಯಾರೂ ಬರೆದಿಡುವುದಿಲ್ಲ, ಆದರೆ ಸಮಯ ತಿನ್ನುವುದು ಅದೇ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಮೊದಲ ತರಗತಿ ಶುರು ಮಾಡಿದಾಗ ತೆಗೆದುಕೊಂಡದ್ದು ನೌಕಾಪಡೆಯಲ್ಲಿ ರೋಗಿಗಳನ್ನು ನೋಡಿಕೊಂಡು ಪಳಗಿದ ಕೋರ್‌ಮನ್‌ಗಳನ್ನು. ರೋಗಿಯ ಮೈಮುಟ್ಟಿ ಕೆಲಸ ಮಾಡಿರಬೇಕು ಅನ್ನುವ ಪಟ್ಟು ಬಹಳ ಕಾಲೇಜುಗಳಲ್ಲಿ ಇಂದಿಗೂ ಇದೆ. ಕಾಲೇಜು ನೋಡಿಕೊಂಡು 500ರಿಂದ 2,000 ಗಂಟೆ ಕೇಳುತ್ತಾರೆ. ವಾರಕ್ಕೆ 40 ಗಂಟೆಯಂತೆ 2,000 ಗಂಟೆ ಅಂದರೆ ಪೂರ್ತಿ ಒಂದು ವರ್ಷ. ನರ್ಸಿಂಗ್ ಸಹಾಯಕಿ, ಆಂಬುಲೆನ್ಸಿನ ಇಎಂಟಿ, ಮೆಡಿಕಲ್ ಅಸಿಸ್ಟೆಂಟ್, ಇವು ನಡೆಯುತ್ತವೆ. ವೈದ್ಯರ ಪಕ್ಕ ನಿಂತು ಟಿಪ್ಪಣಿ ಟೈಪ್ ಮಾಡುವ ಸ್ಕ್ರೈಬ್ ಕೆಲಸವನ್ನು ಕೆಲವು ಕಾಲೇಜುಗಳು ಎಣಿಸುವುದಿಲ್ಲ. ಅದನ್ನೇ ನಂಬಿ ಒಂದು ವರ್ಷ ಕಳೆದರೆ ಆ ವರ್ಷ ಹೋದ ಹಾಗೆಯೇ. ಗಂಟೆಗಳನ್ನು ದಿನಾಂಕ, ಮೇಲಧಿಕಾರಿಯ ಹೆಸರು, ಮಾಡಿದ ಕೆಲಸ ಸಮೇತ ವಾರ ವಾರ ಬರೆದಿಡಿ. ಎರಡು ವರ್ಷದ ಮೇಲೆ ನೆನಪಿನಿಂದ ಬರೆದದ್ದು ತಾಳೆಯಾಗುವುದಿಲ್ಲ.

ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರ, ಇವು ಪೂರ್ವಸಿದ್ಧತೆಯ ವಿಷಯಗಳು. ಬಿ.ಫಾರ್ಮಾ, ಬಿಪಿಟಿ, ಬಿಡಿಎಸ್‌ನಲ್ಲಿ ಇವುಗಳಲ್ಲಿ ಕೆಲವನ್ನು ಓದಿಯೇ ಇರುತ್ತೀರಿ. ಆದರೂ ಅಮೆರಿಕದ ಕಾಲೇಜಿನಲ್ಲೇ ಓದಿರಬೇಕು, ಐದರಿಂದ ಹತ್ತು ವರ್ಷದೊಳಗೇ ಓದಿರಬೇಕು ಎನ್ನುವ ಷರತ್ತು ಎಷ್ಟೋ ಕಡೆ ಇದೆ. ಇದಕ್ಕೆ ಕಡಿಮೆ ಶುಲ್ಕದ ಸ್ಥಳೀಯ ಕಮ್ಯುನಿಟಿ ಕಾಲೇಜು ಸಾಕು. ಕ್ಯಾಲಿಫೋರ್ನಿಯಾದಲ್ಲಿ ಆ ರಾಜ್ಯದ ನಿವಾಸಿಗೆ ಯೂನಿಟ್ಟಿಗೆ 46 ಡಾಲರ್. ಪ್ರಯೋಗಾಲಯದ ಭಾಗವನ್ನು ಆನ್‌ಲೈನ್ ಮಾಡಬೇಡಿ, ಹಲವರು ಒಪ್ಪುವುದಿಲ್ಲ.

ಅರ್ಜಿ ಹೋಗುವುದು ಕ್ಯಾಸ್ಪಾ ಎಂಬ ಎಲ್ಲ ಕಾಲೇಜುಗಳಿಗೂ ಸೇರಿದ ಆನ್‌ಲೈನ್ ವ್ಯವಸ್ಥೆಯ ಮೂಲಕ, ಅದು ಏಪ್ರಿಲ್ ಕೊನೆಗೆ ತೆರೆಯುತ್ತದೆ. ಹತ್ತು ಕಾಲೇಜಿಗೆ ಹಾಕಿದರೆ ಆ ಶುಲ್ಕವೇ ಏಳುನೂರು ದಾಟುತ್ತದೆ. ಕಾಲೇಜುಗಳ ಉಪ ಅರ್ಜಿ, ಅಂಕಪಟ್ಟಿ, ಪದವಿ ಮೌಲ್ಯಮಾಪನ ಸೇರಿ 1,500 ತೆಗೆದಿಡಿ. ಬಹುತೇಕ ಕಡೆ ಬಂದ ಹಾಗೆ ಓದಿ ಸೀಟು ಹಂಚುವ ಪದ್ಧತಿ. ಕೊನೆಯ ದಿನಾಂಕ ಸೆಪ್ಟೆಂಬರ್ ಅಂತ ನೋಡಿ ಆಗಸ್ಟಿನಲ್ಲಿ ಹಾಕಿದವರ ಸರದಿ ಬರುವ ಹೊತ್ತಿಗೆ ಬಹಳಷ್ಟು ಸೀಟು ತುಂಬಿರಬಹುದು. ಭಾರತದ ವಿಶ್ವವಿದ್ಯಾಲಯದಿಂದ ಮೊಹರು ಹಾಕಿದ ಅಂಕಪಟ್ಟಿ ಮೌಲ್ಯಮಾಪನ ಸಂಸ್ಥೆಗೆ ತಲುಪುವುದಕ್ಕೇ ಎರಡು ಮೂರು ತಿಂಗಳು ಬೇಕಾಗಬಹುದು. ಆ ಕೆಲಸವನ್ನು ಹಿಂದಿನ ವರ್ಷದ ಡಿಸೆಂಬರಿನಲ್ಲೇ ಶುರು ಮಾಡಿ.

ಕಾಲೇಜು ಆರಿಸುವಾಗ ಎರಡು ಅಂಕಿ ನೋಡುತ್ತೇನೆ: ಮೊದಲ ಯತ್ನದಲ್ಲಿ ಪ್ಯಾನ್ಸ್ ಪಾಸಾದವರ ಶೇಕಡಾ, ಮಧ್ಯದಲ್ಲೇ ಬಿಟ್ಟವರ ಶೇಕಡಾ. ಎರಡನ್ನೂ ಪ್ರಕಟಿಸಲೇಬೇಕು ಎಂದು ಮಾನ್ಯತಾ ಸಂಸ್ಥೆಯ ನಿಯಮವಿದೆ. ಪಾಸ್ 98 ಇದ್ದು ಬಿಟ್ಟವರೂ ಹತ್ತಕ್ಕಿಂತ ಹೆಚ್ಚಿದ್ದರೆ ಸೋಲುವ ಸಾಧ್ಯತೆ ಇದ್ದವರನ್ನು ಮೊದಲೇ ಹೊರಗೆ ಕಳಿಸಿರಬಹುದು. ಬಿಟ್ಟವರಿಗೆ ಪದವಿ ಇಲ್ಲ, ಸಾಲ ಮಾತ್ರ ಇರುತ್ತದೆ. ಈ ಇಡೀ ವ್ಯವಹಾರದಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ಅದೊಂದೇ. ಮಾನ್ಯತೆ ಪ್ರೊಬೇಶನ್‌ನಲ್ಲಿ (ಕೊರತೆ ತಿದ್ದಿಕೊಳ್ಳಲು ಎಚ್ಚರಿಕೆ ಕೊಟ್ಟ ಅವಧಿಯಲ್ಲಿ) ಇದೆಯೇ ಎನ್ನುವುದನ್ನೂ ಎಆರ್‌ಸಿ-ಪಿಎ ಪಟ್ಟಿಯಲ್ಲಿ ನೋಡಿ. ಕ್ಲಿನಿಕಲ್ ವರ್ಷದಲ್ಲಿ ರೊಟೇಶನ್ ಎಲ್ಲಿ ಸಿಗುತ್ತದೆ, ಜಾಗ ಹುಡುಕುವವರು ಕಾಲೇಜಿನವರೋ ನೀವೋ ಎಂದು ಸಂದರ್ಶನದಲ್ಲೇ ಕೇಳಿ. ಮೂರು ಗಂಟೆ ದೂರದ ಊರಿಗೆ ಆರು ವಾರಕ್ಕೆ ಕಳಿಸಿದರೆ ಎರಡು ಕಡೆ ಬಾಡಿಗೆ ಕಟ್ಟಬೇಕಾಗುತ್ತದೆ.

ಪ್ಯಾನ್ಸ್‌ನಲ್ಲಿ 300 ಪ್ರಶ್ನೆ, 60ರಂತೆ ಐದು ಭಾಗ, ಭಾಗಕ್ಕೆ ಒಂದು ಗಂಟೆ. ಶುಲ್ಕ 550 ಡಾಲರ್. ಪಾಸಾದ ಮೇಲೂ ಮೊದಲ ಸಂಬಳ ತಕ್ಷಣ ಬಾರದು. ರಾಜ್ಯದ ಲೈಸೆನ್ಸ್, ನಿಯಂತ್ರಿತ ಔಷಧ ಬರೆಯಲು ಮೂರು ವರ್ಷಕ್ಕೆ 888 ಡಾಲರಿನ ಡಿಇಎ ನೋಂದಣಿ, ಆಮೇಲೆ ವಿಮಾ ಕಂಪನಿಗಳ ಪಟ್ಟಿಗೆ ಹೆಸರು ಸೇರಿಸುವ ಕೆಲಸ. ಕೊನೆಯದಕ್ಕೇ ಮೂರು ನಾಲ್ಕು ತಿಂಗಳು ಹಿಡಿಯುವುದುಂಟು. ಆ ತಿಂಗಳುಗಳಿಗೆ ಕೈಯಲ್ಲಿ ದುಡ್ಡಿರಲಿ.

ಸಂಬಳದ ಮಾತುಕತೆಗೆ ಕೂರುವಾಗ ಒಂದು ಸಂಗತಿ ತಿಳಿದಿರಬೇಕು. ಒಂದೇ ಕೆಲಸಕ್ಕೆ ವೈದ್ಯರಿಗೆ ಮೆಡಿಕೇರ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ, 100 ಕೊಟ್ಟರೆ ಪಿಎ ಹೆಸರಿನ ಬಿಲ್ಲಿಗೆ 85 ಕೊಡುತ್ತದೆ. ಪಿಎ ಸಂಬಳ ಮಾತ್ರ ವೈದ್ಯರ ಸಂಬಳದ 85 ಶೇಕಡಾ ಇರುವುದಿಲ್ಲ, ಎಷ್ಟೋ ಕಡೆ ಅರ್ಧಕ್ಕಿಂತ ಕೆಳಗೆ. ಆ ಅಂತರದಲ್ಲೇ ಆಸ್ಪತ್ರೆಗೆ ಲಾಭ, ನಿಮಗೆ ಚೌಕಾಸಿಗೆ ಜಾಗ. ಕರಾರಿನಲ್ಲಿ ನಾನು ಮೊದಲು ಹುಡುಕುವುದು ವೃತ್ತಿ ವಿಮೆಯ ಸಾಲು. ಕ್ಲೇಮ್ಸ್-ಮೇಡ್ ವಿಮೆಯಾದರೆ ಕೆಲಸ ಬಿಟ್ಟ ಮೇಲೆ ಬರುವ ದಾವೆಗೆ ರಕ್ಷಣೆ ಇರುವುದಿಲ್ಲ, ಅದಕ್ಕೆ ಬಾಲದ ಹಾಗೆ ಟೇಲ್ ಕವರೇಜ್ ಕೊಳ್ಳಬೇಕು, ವರ್ಷದ ಕಂತಿನ ಒಂದೂವರೆಯಿಂದ ಎರಡು ಪಟ್ಟು ಬೀಳುತ್ತದೆ. ಅದನ್ನು ಕೊಡುವವರು ಮಾಲೀಕರು ಎಂದು ಬರೆಸಿಕೊಳ್ಳಿ.

ಫಲವೇನು? ಸಂಬಳ ಬಿಟ್ಟರೆ ವಿಭಾಗ ಬದಲಿಸುವ ಸ್ವಾತಂತ್ರ್ಯ ದೊಡ್ಡದು. ಹೃದಯ ಶಸ್ತ್ರಚಿಕಿತ್ಸೆಯಿಂದ ಚರ್ಮರೋಗಕ್ಕೆ ಹೋಗಲು ವೈದ್ಯರಿಗೆ ಹೊಸ ರೆಸಿಡೆನ್ಸಿ ಬೇಕು, ಪಿಎಗೆ ಹೊಸ ಕೆಲಸ ಸಿಕ್ಕರೆ ಸಾಕು. ಇದರ ಇನ್ನೊಂದು ಮುಖ: ಹದಿನೈದು ವರ್ಷವಾದರೂ ಏರಲು ಮುಂದಿನ ಮೆಟ್ಟಿಲು ಅಷ್ಟಾಗಿ ಇರುವುದಿಲ್ಲ. 2021ರಲ್ಲಿ ವೃತ್ತಿಯ ಸಂಘ ಹೆಸರನ್ನು ಫಿಜಿಶಿಯನ್ ಅಸೋಸಿಯೇಟ್ ಎಂದು ಬದಲಿಸುವ ನಿರ್ಣಯ ಮಾಡಿತು. ಆದರೂ ಮದುವೆ ಮನೆಯಲ್ಲಿ "ಅಂದ್ರೆ ಡಾಕ್ಟರ್ ಅಲ್ವಾ?" ಅನ್ನುವುದು ನಿಲ್ಲುವುದಿಲ್ಲ. ಆ ಮಾತು ಚುಚ್ಚುವವರು ಈ ಕಡೆ ಬರುವ ಮುಂಚೆ ಇನ್ನೊಮ್ಮೆ ಯೋಚಿಸಬೇಕು.

ಕೆಲಸದ ಸ್ವರೂಪ ತಿಳಿಯಲು ಪ್ರೈಮರಿ ಕೇರಿನ ಇಪ್ಪತ್ತು ನಿಮಿಷ ನೋಡಿ. 62ರ ಸಕ್ಕರೆ ಕಾಯಿಲೆಯ ರೋಗಿ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ) 9.2, ಮೆಟ್‌ಫಾರ್ಮಿನ್ 1,000 ಮಿಲಿಗ್ರಾಂ ದಿನಕ್ಕೆರಡು ಸಲ. ಬಂದದ್ದು ಮಾತ್ರೆ ಚೀಟಿ ನವೀಕರಿಸಲು. ರಕ್ತದ ವರದಿಯಲ್ಲಿ ಇಜಿಎಫ್‌ಆರ್ (ಮೂತ್ರಪಿಂಡ ಸೋಸುವ ಶಕ್ತಿಯ ಅಂಕಿ) 41, ಹಿಂದಿನ ವರ್ಷ 52 ಇತ್ತು. ಮೂತ್ರಪಿಂಡ ಸೋಲುತ್ತಿದೆ. ಕೇಳಿದ ಚೀಟಿ ಬರೆದು ಕಳಿಸಿದರೆ ನಾಲ್ಕು ನಿಮಿಷದ ಕೆಲಸ. ಸರಿಯಾಗಿ ಮಾಡಿದರೆ ಮೆಟ್‌ಫಾರ್ಮಿನ್ ಅರ್ಧಕ್ಕೆ ಇಳಿಸಬೇಕು, ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್ ಬಿಡಿಸಬೇಕು, ಮೂತ್ರದ ಆಲ್ಬುಮಿನ್ ಕಳಿಸಬೇಕು, ಪಾದಕ್ಕೆ ಹತ್ತು ಗ್ರಾಮಿನ ನೈಲಾನ್ ಎಳೆ ಮುಟ್ಟಿಸಿ ಸ್ಪರ್ಶ ಇದೆಯೇ ನೋಡಬೇಕು, ಮೂತ್ರಪಿಂಡವನ್ನೂ ಕಾಯುವ ಸಕ್ಕರೆ ಮಾತ್ರೆ ಎಂಪಾಗ್ಲಿಫ್ಲೋಜಿನ್ ಶುರು ಮಾಡಬೇಕು. ಇದೆಲ್ಲ ಪಿಎ ತಾನೇ ನಿರ್ಧರಿಸುವ ಕೆಲಸ, ಈ ವೃತ್ತಿಯ ಸುಖವೂ ಇಲ್ಲೇ ಇದೆ. ಆಮೇಲೆ ವಿಮಾ ಕಂಪನಿ ಹೊಸ ಮಾತ್ರೆಗೆ ಮುಂಗಡ ಅನುಮತಿ ಕೇಳುತ್ತದೆ. ಆ ಅರ್ಜಿ ತುಂಬುವುದು ಸಂಜೆ ಆರರ ಮೇಲೆ. ಇಂಥ ರೋಗಿಗಳು ದಿನಕ್ಕೆ ಹದಿನೆಂಟರಿಂದ ಇಪ್ಪತ್ತೆರಡು.

ಹಾಗಾಗಿ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುವ ಮುಂಚೆ ಒಬ್ಬ ಪಿಎ ಹಿಂದೆ ನಲವತ್ತು ಗಂಟೆ ನಿಂತು ನೋಡಿ. ರೋಗಿಗಳನ್ನು ಮಾತ್ರ ನೋಡಿದರೆ ಸಾಲದು, ಗಡಿಯಾರವನ್ನೂ ನೋಡಿ. ಕೊನೆಯ ರೋಗಿ ಹೊರಟ ಮೇಲೆ ಕಂಪ್ಯೂಟರ್ ಎಷ್ಟಕ್ಕೆ ಮುಚ್ಚಿದರು ಎಂದು ದಿನವೂ ಬರೆದುಕೊಳ್ಳಿ. ವಾರಕ್ಕೆ 40 ಗಂಟೆಯಾದರೆ 1,10,000 ಸಂಬಳ ಗಂಟೆಗೆ 53 ಡಾಲರ್ ಬೀಳುತ್ತದೆ, 50 ಗಂಟೆಯಾದರೆ 42. ಎರಡೂ ಹಾಳೆಯ ತಲೆಯಲ್ಲಿ ಆ ಸಂಖ್ಯೆ ಬರೆದು ಲೆಕ್ಕವನ್ನು ಮತ್ತೆ ಮೇಲಿನಿಂದ ಹಾಕಿ.