ದೇವರ ಮುಂದೆ ಬಾಯಿ ಬಿಟ್ಟ ಮೇಲೆ

ಊಟದ ಹೊತ್ತು. ಕೆಲಸದ ಜಾಗದಲ್ಲಿ ಐದಾರು ಜನ ಒಂದೇ ಮೇಜಿನ ಸುತ್ತ ಕೂತಿದ್ದೆವು. ಮಾತು ಎಲ್ಲಿಂದಲೋ ಶುರುವಾಗಿ ದೇವರು, ನಂಬಿಕೆ ಅಂತ ಬಂತು. ಜೊತೆಯವರೊಬ್ಬರು ನನ್ನ ಕಡೆ ತಿರುಗಿ, "ಯೇಸು ಸತ್ತು ಮೂರನೇ ದಿನ ಎದ್ದು ಬಂದರು ಅಂತೀರಲ್ಲ, ಅದನ್ನ ನೀವು ನಿಜವಾಗ್ಲೂ ನಂಬ್ತೀರಾ?" ಅಂತ ಕೇಳಿದರು. ಆ ದನಿಯಲ್ಲಿ ಹಂಗಿಸುವುದು ಏನೂ ಇರಲಿಲ್ಲ, ತಿಳಿಯಬೇಕು ಅನ್ನುವ ಆಸೆ ಇತ್ತು. ನಾನು ಡಬ್ಬಿಯ ಮುಚ್ಚಳ ಒತ್ತುತ್ತಾ, "ಮನೆಯಲ್ಲಿ ಮೊದಲಿಂದ ನಡ್ಕೊಂಡು ಬಂದಿದೆ, ಅದಕ್ಕೆ ನಾನೂ ಹೋಗ್ತೀನಿ ಅಷ್ಟೇ" ಅಂದುಬಿಟ್ಟೆ.

ಮಾತು ಬೇರೆ ಕಡೆ ಹೊರಳಿತು. ನನಗೆ ಮಾತ್ರ ಆ ಮುಚ್ಚಳದ ಸದ್ದು ದಿನವಿಡೀ ಕಿವಿಯಲ್ಲೇ ಇತ್ತು. ನಂಬ್ತೀನಿ ಅನ್ನುವ ಒಂದು ಪದ ಸಾಕಿತ್ತು. ಯಾರೂ ಹೆದರಿಸಿರಲಿಲ್ಲ, ಕಳೆದುಕೊಳ್ಳುವುದೂ ಏನೂ ಇರಲಿಲ್ಲ.

ಆ ರಾತ್ರಿ ಲೂಕನ ಸುವಾರ್ತೆಯ 22ನೇ ಅಧ್ಯಾಯ ತೆಗೆದೆ. ಯೇಸುವನ್ನು ಹಿಡಿದ ರಾತ್ರಿ ಅವರ ಶಿಷ್ಯ ಪೇತ್ರ ಮೂರು ಸಲ "ನಾನವನನ್ನು ಅರಿಯೆ" ಅನ್ನುವ ಭಾಗ ಓದಿ ಅಳಬೇಕು ಅಂತಲೇ ತೆಗೆದದ್ದು. ಆದರೆ ಕಣ್ಣು ಸ್ವಲ್ಪ ಮೇಲೆ ನಿಂತಿತು. ಬೆಟ್ಟದಲ್ಲಿ ಯೇಸುಸ್ವಾಮಿ ಶಿಷ್ಯರಿಗೆ, ಶೋಧನೆಗೆ ಒಳಗಾಗದ ಹಾಗೆ ಪ್ರಾರ್ಥಿಸಿರಿ ಅಂತ ಹೇಳುತ್ತಾರೆ. ಅವರು ನಿದ್ದೆ ಹೋಗುತ್ತಾರೆ. ಅದೇ ರಾತ್ರಿ ಪೇತ್ರ ಕತ್ತಿ ಹಿರಿದು, ಯೇಸುವನ್ನು ಹಿಡಿಯಲು ಬಂದವರಲ್ಲಿ ಒಬ್ಬನ ಕಿವಿ ಕತ್ತರಿಸುತ್ತಾನೆ. ಇನ್ನೂ ಕೋಳಿ ಕೂಗಿಲ್ಲ, ಅಷ್ಟರಲ್ಲಿ ಒಬ್ಬ ದಾಸಿಯ ಮಾತಿಗೆ ಹೆದರುತ್ತಾನೆ. ಕತ್ತಿ ಎತ್ತುವ ಧೈರ್ಯ ಅವನಿಗಿತ್ತು. "ಹೌದು, ನಾನು ಅವನ ಜೊತೆಯವನೇ" ಅನ್ನುವ ಧೈರ್ಯ ಇರಲಿಲ್ಲ. ಎಷ್ಟೋ ಸಲ ಓದಿದ್ದ ಭಾಗ, ಆದರೆ ಸೋಲು ದಾಸಿಯ ಮುಂದೆ ಶುರುವಾಗಲಿಲ್ಲ, ನಿದ್ದೆಯಲ್ಲೇ ಶುರುವಾಯಿತು ಅನ್ನುವುದು ಆವತ್ತೇ ಕಂಡದ್ದು.

ಹಾಗಂತ ನಾನು ಪ್ರಾರ್ಥನೆ ಮಾಡುತ್ತಿರಲಿಲ್ಲ ಅಂತಲ್ಲ. ಮಲಗುವ ಮುಂಚೆ ಐದು ನಿಮಿಷ, ಅವವೇ ಮಾತು. ಸ್ತೋತ್ರ ಕರ್ತನೇ, ಕಾಪಾಡು ಕರ್ತನೇ, ಆಶೀರ್ವದಿಸು ಕರ್ತನೇ, ಆಮೆನ್. ಮಾರನೇ ದಿನದಿಂದ ಬೆಳಿಗ್ಗೆ ಅರ್ಧ ಗಂಟೆ ಬೇಗ ಏಳಲು ಶುರುಮಾಡಿದೆ. ಫೋನನ್ನು ಬೇರೆ ಕೋಣೆಯಲ್ಲಿ ಇಟ್ಟೆ. ಮೊದಲ ಎರಡು ವಾರ ಕಷ್ಟವಾಯಿತು. ಮಂಡಿಯೂರಿದರೆ ತೂಕಡಿಕೆ, ಕಣ್ಣು ಮುಚ್ಚಿದರೆ ದಿನದ ಕೆಲಸವೆಲ್ಲ ಸಾಲಾಗಿ ಬರುತ್ತಿತ್ತು. ಆಮೇಲೆ ಕೋಣೆಯಲ್ಲೇ ಅತ್ತಿತ್ತ ನಡೆಯುತ್ತಾ, ದನಿ ತೆಗೆದು ಪ್ರಾರ್ಥಿಸಿ ನೋಡಿದೆ. ನಿದ್ದೆ ಹೋಯಿತು. ಬೈಬಲ್‌ನ ಒಂದು ಕೀರ್ತನೆ ತೆಗೆದುಕೊಂಡು, ಒಂದೊಂದು ವಚನ ಓದಿ, ಅದನ್ನೇ ನನ್ನ ಮಾತಲ್ಲಿ ದೇವರಿಗೆ ಹೇಳುತ್ತಾ ಹೋದೆ. ಮಾತಿಗೆ ಬರ ಇಲ್ಲದಂತಾಯಿತು.

ಕೀರ್ತನೆಗಳಿಂದಲೇ ಒಂದು ವಿಷಯ ಚುಚ್ಚತೊಡಗಿತು. ಅವುಗಳಲ್ಲಿ ಹಾಡುವ ಅರಸ ದಾವೀದ ದೇವರ ಹತ್ತಿರ ಏನನ್ನೂ ಮುಚ್ಚಿಡುವುದಿಲ್ಲ. "ಎಷ್ಟು ಕಾಲ ಮರೆತಿರುತ್ತೀ?" ಅಂತ ನೇರವಾಗಿ ಕೇಳುತ್ತಾನೆ. ನಾನೋ, ದೇವರ ಮುಂದೆ ಕೂಡ ಸಭೆಯಲ್ಲಿ ಎದ್ದು ನಿಂತು ಪ್ರಾರ್ಥಿಸುವವರ ಹಾಗೆ ಒಳ್ಳೊಳ್ಳೆ ಮಾತು ಜೋಡಿಸುತ್ತಿದ್ದೆ. ಒಂದು ಬೆಳಿಗ್ಗೆ ಹಾಗೆ ನಡೆಯುತ್ತಿದ್ದಾಗ ತಟ್ಟನೆ ನಿಂತೆ. "ಕರ್ತನೇ, ನಾಲ್ಕು ಜನರ ಮುಂದೆ ನಿನ್ನ ಹೆಸರು ಹೇಳೋಕೆ ನನಗೆ ನಾಚಿಕೆ ಆಗುತ್ತೆ" ಅಂತ ಗಟ್ಟಿಯಾಗಿ ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು. ಗೋಡೆಗೆ ಒರಗಿ ಅಲ್ಲೇ ಕೆಳಗೆ ಕೂತೆ. ಬೈಗುಳ ಬರುತ್ತೆ ಅಂತ ಕಾಯುತ್ತಿದ್ದೆ ಅನಿಸುತ್ತೆ. ಬರಲಿಲ್ಲ. ದೇವರಿಗೆ ಇದು ಮೊದಲೇ ಗೊತ್ತಿತ್ತು, ಆದರೂ ದಿನಾ ಬೆಳಿಗ್ಗೆ ನನ್ನನ್ನು ಹತ್ತಿರ ಕೂರಿಸಿಕೊಂಡಿದ್ದರು ಅನ್ನುವುದು ನಿಧಾನಕ್ಕೆ ಒಳಗೆ ಇಳಿಯಿತು.

ಎಷ್ಟೋ ದಿನ ಆದ ಮೇಲೆ ನಮ್ಮ ಪಾಸ್ಟರ್ ಒಂದು ಪದದ ಬಗ್ಗೆ ಹೇಳಿದರು. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಈ ಧೈರ್ಯಕ್ಕೆ 'ಪರ್ರೇಸಿಯ' ಅನ್ನುವ ಪದ ಬರುತ್ತದೆ. ಅದರ ಮೂಲ ಅರ್ಥ ಎಲ್ಲವನ್ನೂ ಹೇಳುವುದು, ಮುಚ್ಚುಮರೆ ಇಲ್ಲದೆ ಮಾತಾಡುವುದು. ಅಪೊಸ್ತಲರ ಕೃತ್ಯಗಳು 4ನೇ ಅಧ್ಯಾಯದಲ್ಲಿ ಪೇತ್ರ ಮತ್ತು ಇನ್ನೊಬ್ಬ ಶಿಷ್ಯ ಯೋಹಾನ ಯೆಹೂದ್ಯರ ಹಿರೀಸಭೆಯ ಮುಂದೆ ತೋರಿಸುವ ಧೈರ್ಯಕ್ಕೆ ಇರುವುದೂ ಇದೇ ಪದ. ಇಬ್ರಿಯರಿಗೆ ಬರೆದ ಪತ್ರಿಕೆಯ 4:16ರಲ್ಲಿ ಧೈರ್ಯದಿಂದ ಕೃಪಾಸನದ, ಅಂದರೆ ದೇವರ ಸಿಂಹಾಸನದ, ಮುಂದೆ ಬರೋಣ ಅಂತ ಇದೆಯಲ್ಲ, ಅದೂ ಇದೇ ಪದ. ನನ್ನ ಅನುಭವಕ್ಕೆ ಆವತ್ತು ಹೆಸರು ಸಿಕ್ಕಿತು. ದೇವರ ಮುಂದೆ ಬಾಯಿ ಬಿಡದ ನಾನು ಜನರ ಮುಂದೆ ಹೇಗೆ ಬಿಟ್ಟೇನು? ಎರಡು ಧೈರ್ಯಕ್ಕೂ ಒಂದೇ ಬೇರು.

ಅದೇ 4ನೇ ಅಧ್ಯಾಯ ನನ್ನ ಪ್ರಾರ್ಥನೆಯನ್ನೂ ತಿದ್ದಿತು. ಯೇಸುವಿನ ಹೆಸರು ಎತ್ತಬಾರದು ಅಂತ ಹೆದರಿಸಿ ಕಳುಹಿಸಿದ ಮೇಲೆ ಆ ಇಬ್ಬರು ತಮ್ಮವರ ಹತ್ತಿರ ಬರುತ್ತಾರೆ. ಎಲ್ಲರೂ ಸೇರಿ ಪ್ರಾರ್ಥಿಸುತ್ತಾರೆ. ನಾನಾಗಿದ್ದರೆ, ಕರ್ತನೇ ಈ ಅಧಿಕಾರಿಗಳನ್ನು ನಮ್ಮ ದಾರಿಯಿಂದ ತೆಗೆ ಅಂತಿದ್ದೆ. ಅವರು ಕೇಳಿದ್ದು, ಈ ಬೆದರಿಕೆಯನ್ನು ನೀನೇ ನೋಡಿಕೋ, ನಮಗೆ ನಿನ್ನ ವಾಕ್ಯ ಹೇಳುವ ಧೈರ್ಯ ಕೊಡು ಅಂತ. ಅವರು ಕೂಡಿದ್ದ ಸ್ಥಳ ನಡುಗಿತು, ಪವಿತ್ರಾತ್ಮ ತುಂಬಿದ, ಅವರು ಧೈರ್ಯದಿಂದ ಮಾತಾಡಿದರು. ಬೆದರಿಕೆ ಮಾತ್ರ ಹಾಗೇ ಇತ್ತು. ಮುಂದಿನ ಅಧ್ಯಾಯದಲ್ಲೇ ಅಪೊಸ್ತಲರಿಗೆ ಸೆರೆಮನೆ, ಏಟು.

ಕೆಲಸದಲ್ಲಿ ನನ್ನ ಮೇಲಿನ ಅಧಿಕಾರಿಯೊಬ್ಬರ ಬಗ್ಗೆ ನನಗೆ ತುಂಬಾ ಭಯವಿತ್ತು. ಅವರು ಕರೆದರೆ ಸಾಕು, ಅಂಗೈ ಬೆವರುತ್ತಿತ್ತು. ಪ್ರಾರ್ಥನೆಗೆ ಅಂತ ಇಟ್ಟುಕೊಂಡ ಪುಸ್ತಕದಲ್ಲಿ ಅವರ ಹೆಸರು ಬರೆದು ದಿನಾ ಪ್ರಾರ್ಥಿಸಿದೆ. ಮೊದಮೊದಲು "ಅವರನ್ನು ಬದಲಾಯಿಸು" ಅಂತ. ಬರ್ತಾ ಬರ್ತಾ ಅವರ ಆರೋಗ್ಯ, ಅವರ ಮಕ್ಕಳು, ಅವರ ನಿದ್ದೆ. ಯಾರಿಗಾಗಿ ದಿನಾ ಒಳ್ಳೆಯದನ್ನೇ ಬೇಡುತ್ತೀವೋ ಅವರಿಗೆ ಮೊದಲಿನ ಹಾಗೆ ಹೆದರೋಕೆ ಆಗಲ್ಲ. ಇದನ್ನು ಮಾತ್ರ ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ನಿಮ್ಮ ಬಾಯಿ ಕಟ್ಟಿಸುವ ಮನುಷ್ಯ ಯಾರೋ, ಅವರ ಹೆಸರನ್ನೇ ಪ್ರಾರ್ಥನೆಗೆ ತನ್ನಿ.

ಒಂದು ದಿನ ಅವರೇ ಕರೆದು, ಒಂದು ವರದಿಯಲ್ಲಿ ತಾರೀಕು ಹಿಂದಕ್ಕೆ ಹಾಕಿ ಸಹಿ ಮಾಡಲು ಹೇಳಿದರು. ಹಳೆ ಒಡಂಬಡಿಕೆಯ ನೆಹೆಮೀಯ ನೆನಪಾದ, ಪರ್ಷಿಯದ ಅರಸನಿಗೆ ದ್ರಾಕ್ಷಾರಸ ಕೊಡುವ ಕೆಲಸದಲ್ಲಿದ್ದ ಯೆಹೂದ್ಯ. ಅರಸ ಅವನ ಮುಖ ನೋಡಿ ಯಾಕೆ ಬೇಸರ ಅಂದಾಗ, ಬಹಳ ಹೆದರಿದೆ ಅಂತ ಅವನೇ ಬರೆದುಕೊಂಡಿದ್ದಾನೆ. ಆದರೂ ಒಂದು ಕ್ಷಣ ಪರಲೋಕದ ದೇವರಿಗೆ ಪ್ರಾರ್ಥಿಸಿ ಅರಸನಿಗೆ ಉತ್ತರ ಕೊಟ್ಟ. ಆ ಒಂದು ಕ್ಷಣದ ಹಿಂದೆ ಕಿಸ್ಲೇವ್ ತಿಂಗಳಿಂದ ನೀಸಾನ್ ತನಕ, ಸುಮಾರು ನಾಲ್ಕು ತಿಂಗಳ ಪ್ರಾರ್ಥನೆ ಇತ್ತು. ನಾನೂ ಒಳಗೇ "ಕರ್ತನೇ" ಅಂದೆ, ಅಷ್ಟೇ. "ಸರ್, ನಿಜವಾದ ತಾರೀಕು ಹಾಕಿ ಈಗಲೇ ಸಹಿ ಮಾಡ್ತೀನಿ. ಇದಕ್ಕೆ ಆಗಲ್ಲ. ನಾನು ನಂಬೋ ಯೇಸು ಮುಂದೆ ದಿನಾ ಬೆಳಿಗ್ಗೆ ಕೂತ್ಕೋಬೇಕು" ಅಂದೆ. ದನಿ ನಡುಗಿತು. ಮೇಜಿನ ಅಂಚು ಹಿಡಿದಿದ್ದ ಬೆರಳು ಬೆಳ್ಳಗಾಗಿತ್ತು. ಅವರು ಸುಮ್ನೆ ನೋಡಿ, ಕಾಗದ ವಾಪಸ್ ಎಳೆದುಕೊಂಡರು. ಆ ಸಲದ ಬಡ್ತಿ ನನಗೆ ಬರಲಿಲ್ಲ. ನೋವಾಯಿತು, ಅದನ್ನೂ ಬೆಳಿಗ್ಗೆ ಹೇಳಿಕೊಂಡೆ.

ಬೆಳಗಿನ ಆ ಹೊತ್ತು ತಪ್ಪಿಹೋದ ವಾರಗಳೂ ಇವೆ. ಆಗ ನಾನು ಸುಮ್ಮನಾಗುತ್ತೇನೆ ಅಂದುಕೊಂಡಿದ್ದೆ, ಹಾಗಾಗಲಿಲ್ಲ. ನಂಬಿಕೆಯ ಬಗ್ಗೆ ಜಾಸ್ತಿ ವಾದ ಮಾಡುತ್ತೇನೆ, ಗೆಲ್ಲಬೇಕು ಅಂತ ದನಿ ಏರಿಸುತ್ತೇನೆ. ನೋಡುವವರಿಗೆ ಅದೂ ಧೈರ್ಯದ ಹಾಗೇ ಕಾಣಬಹುದು. ಪೇತ್ರನ ಕತ್ತಿ ಅದು. ಈಗ ಮಾತು ಚೂಪಾದರೆ ನಾನು ಮೊದಲು ನೋಡುವುದು ಬೆಳಗಿನ ಅರ್ಧ ಗಂಟೆ ಏನಾಯಿತು ಅಂತ.

ಡಬ್ಬಿ ಮುಚ್ಚಿದ ಆ ದಿನದ ಪ್ರಶ್ನೆ ಕೇಳಿದವರ ಹೆಸರೂ ಪುಸ್ತಕದಲ್ಲಿತ್ತು. ಸುಮಾರು ಒಂದು ವರ್ಷದ ಮೇಲೆ ಮೆಟ್ಟಿಲ ಹತ್ತಿರ ಸಿಕ್ಕರು. ಕಣ್ಣು ಕೆಂಪಗಿತ್ತು. ತಾಯಿಗೆ ಮಾರನೇ ದಿನ ಆಪರೇಷನ್ ಅಂತೆ. "ಅವತ್ತು ನೀವು ಕೇಳಿದ್ರಲ್ಲ, ನಾನು ಸರಿಯಾಗಿ ಉತ್ತರ ಕೊಡ್ಲಿಲ್ಲ. ಕ್ಷಮಿಸಿ. ನಾನು ನಂಬ್ತೀನಿ. ಪೂರ್ತಿ ನಂಬ್ತೀನಿ" ಅಂದೆ. ಅವರು ಏನೂ ಹೇಳಲಿಲ್ಲ. "ಅಮ್ಮನಿಗೋಸ್ಕರ ಇಲ್ಲೇ ಪ್ರಾರ್ಥನೆ ಮಾಡ್ಲಾ?" ಅಂತ ಕೇಳಿದೆ. ತಲೆಯಾಡಿಸಿದರು. ಜನ ಹತ್ತಿ ಇಳಿಯುತ್ತಿದ್ದರು. ನಾವಿಬ್ಬರೂ ಗೋಡೆಯ ಪಕ್ಕಕ್ಕೆ ಸರಿದು ನಿಂತೆವು. ನಾನು ಕಣ್ಣು ಮುಚ್ಚಿ, ಬೆಳಿಗ್ಗೆ ಮಾತಾಡುವ ಅದೇ ದನಿಯಲ್ಲಿ "ಕರ್ತನೇ" ಅಂತ ಶುರುಮಾಡಿದೆ.