ಚಿಪ್ ಇರುವ ಕಾರ್ ಕೀಯನ್ನು ಸ್ಥಳದಲ್ಲೇ ಪ್ರೋಗ್ರಾಂ ಮಾಡುವುದು

ಮೊದಲು ಆರ್‌ಸಿ, ಮಾಲೀಕರ ಗುರುತಿನ ಚೀಟಿ ನೋಡಿ. ಇದರಲ್ಲಿ ರಾಜಿ ಬೇಡ. ಮನೆಯಲ್ಲಿರುವ ಎಲ್ಲ ಕೀಗಳನ್ನೂ ತರಿಸಿ. ಹಲವು ಕಾರುಗಳಲ್ಲಿ ಹೊಸದನ್ನು ಸೇರಿಸುವಾಗ ಹಳೆಯವು ಅಳಿಸಿಹೋಗುತ್ತವೆ. ಆಗ ಕೈಯಲ್ಲಿಲ್ಲದ ಕೀಯಿಂದ ಮತ್ತೆ ಗಾಡಿ ಸ್ಟಾರ್ಟ್ ಆಗದು.

ಬ್ಯಾಟರಿ ವೋಲ್ಟೇಜ್ ಅಳೆಯಿರಿ. 12.4ಕ್ಕಿಂತ ಕಡಿಮೆಯಿದ್ದರೆ ಚಾರ್ಜರ್ ಜೋಡಿಸದೆ ಮುಂದುವರಿಯಬೇಡಿ. ಡೇಟಾ ಬರೆಯುವ ನಡುವೆ ವೋಲ್ಟೇಜ್ ಕುಸಿದರೆ ಇಮೊಬಿಲೈಸರ್ (ಕೀಯ ಚಿಪ್ ಗುರುತಿಸದೆ ಎಂಜಿನ್ ಸ್ಟಾರ್ಟ್ ಆಗಲು ಬಿಡದ ವ್ಯವಸ್ಥೆ) ಮಾಡ್ಯೂಲೇ ಕೆಡಬಹುದು, ಅದರ ಖರ್ಚು ಕೀಗಿಂತ ಬಹಳ ಹೆಚ್ಚು. ಹೆಡ್‌ಲೈಟ್, ಎಸಿ ಆಫ್ ಇರಲಿ.

ಹಳೆಯ ಕೀಯ ಚಿಪ್ ಯಾವುದೆಂದು ರೀಡರ್‌ನಲ್ಲಿ ಓದಿ, ಅದೇ ಬಗೆಯದನ್ನು ಬಳಸಿ: ಐಡಿ46 ಬೇಡುವ ಕಾರು ಐಡಿ47 ಒಪ್ಪದು. ಬ್ಲೇಡ್ ಕತ್ತರಿಸಿ, ಬಾಗಿಲು, ಇಗ್ನಿಷನ್ ಎರಡರಲ್ಲೂ ತಿರುಗಿಸಿ ನೋಡಿ. ಆಮೇಲೆ ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟ್‌ಗೆ (ಕಾರಿನ ಕಂಪ್ಯೂಟರ್‌ಗೆ ಉಪಕರಣ ಜೋಡಿಸುವ ಜಾಗ) ಕೀ ಪ್ರೋಗ್ರಾಮರ್ ಉಪಕರಣ ಜೋಡಿಸಿ, ಆ ಕಾರಿನ ಭದ್ರತಾ ಪಿನ್ ಕೋಡ್ ಕೇಳಿದರೆ ಕೊಟ್ಟು, ಒಂದೊಂದೇ ಕೀ ನೋಂದಾಯಿಸಿ. ತಪ್ಪು ಪಿನ್ ಪದೇಪದೇ ಕೊಟ್ಟರೆ ಸಿಸ್ಟಮ್ ಲಾಕ್ ಆಗಬಹುದು. ಇನ್ನೊಂದು ಚಿಪ್ ಕೀ ಅದೇ ರಿಂಗ್‌ನಲ್ಲಿ ತೂಗುತ್ತಿದ್ದರೆ ಇಗ್ನಿಷನ್ ಸುತ್ತಲಿನ ಆಂಟೆನಾಗೆ ಎರಡೂ ಒಟ್ಟಿಗೆ ಉತ್ತರಿಸಿ ಓದುವಿಕೆ ಕೆಡುತ್ತದೆ, ಬಿಚ್ಚಿ ದೂರವಿಡಿ.

ಬಾಗಿಲು ತೆರೆಯುವ ರಿಮೋಟ್‌ನದು ಬೇರೆ ಕೆಲಸ, ಚಿಪ್‌ನದಲ್ಲ. ಬಾಗಿಲು ತೆರೆದೂ ಎಂಜಿನ್ ಹಿಡಿಯದೆ ಇಮೊಬಿಲೈಸರ್ ದೀಪ ಮಿನುಗಿದರೆ ಚಿಪ್ ನೋಂದಣಿಯನ್ನೇ ಮತ್ತೆ ನೋಡಿ. ಈ ಚಿಪ್‌ಗೆ ಸೆಲ್ ಬೇಕಿಲ್ಲ, ಸೆಲ್ ಬದಲಿಸಿ ಫಲವಿಲ್ಲ.