ಹಾಜರಿ ಪುಸ್ತಕದ ಪಕ್ಕದ ನೋಟ್‌ಬುಕ್

ಹಾಸನ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನಾನು 2007ರಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಸಹಶಿಕ್ಷಕಿಯಾಗಿ ಬಂದೆ. ಪಾಠ ಮಾಡುವುದು, ಅದು ಮಕ್ಕಳಿಗೆ ತಲುಪಿತೋ ಇಲ್ಲವೋ ಎಂದು ನೋಡುವುದು, ಇಷ್ಟೇ ನನ್ನ ಕೆಲಸವೆಂದು ತಿಳಿದಿದ್ದೆ. ಡಿ.ಎಡ್. ತರಬೇತಿಯಲ್ಲಿ ಪಾಠಯೋಜನೆ ಬರೆಯುವುದನ್ನು ಚೆನ್ನಾಗಿಯೇ ಕಲಿಸಿದ್ದರು. ಆದರೆ ದೀಪಾವಳಿ ಕಳೆದ ಮರುವಾರದಲ್ಲಿ ಐದನೇ ತರಗತಿಯ 38 ಮಕ್ಕಳ ಪೈಕಿ 14 ಮಕ್ಕಳು ಕಾಣದಾದರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

"ಗುಳೇ ಹೋಗ್ಯಾರ್ರೀ ಟೀಚರ್" ಎಂದು ಉಳಿದ ಮಕ್ಕಳು ಹೇಳಿದಾಗ ಆ ಮಾತಿನ ಅರ್ಥವೂ ನನಗೆ ತಿಳಿಯಲಿಲ್ಲ. ಮಳೆಯನ್ನೇ ನಂಬಿದ ಹೊಲಗಳಲ್ಲಿ ಕೆಲಸ ಮುಗಿಯುತ್ತಿದ್ದಂತೆ ಇಲ್ಲಿನ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈ ಕಡೆಗೆ ಕಟ್ಟಡದ ಕೆಲಸ ಹುಡುಕಿಕೊಂಡು ಹೊರಡುತ್ತವೆ. ಕೆಲವರು ಯುಗಾದಿಗೆ ಮರಳುತ್ತಾರೆ, ಕೆಲವರು ಮುಂಗಾರು ಹಿಡಿದ ಮೇಲೆ. ಮೊದಲ ವರ್ಷ ನಾನು ಅವರ ಹೆಸರಿನ ಮುಂದೆ ಗೈರುಹಾಜರಿ ಗುರುತಿಸಿ ಸುಮ್ಮನಾದೆ.

ಅದೇ ವರ್ಷ ಮಾಡಿದ ಇನ್ನೊಂದು ತಪ್ಪು ಇಂದಿಗೂ ನನ್ನನ್ನು ನೋಯಿಸುತ್ತದೆ. ದಿನವೂ ಅರ್ಧ ಗಂಟೆ ತಡವಾಗಿ ಬರುತ್ತಿದ್ದ ಒಬ್ಬ ಹುಡುಗನನ್ನು ನಾನು ಒಂದು ವಾರ ಬಾಗಿಲ ಹೊರಗೆ ನಿಲ್ಲಿಸಿದೆ. ಎಂಟನೆಯ ದಿನ ಅವನು ಬರಲೇ ಇಲ್ಲ. ಮನೆಗೆ ಹೋದಾಗ ತಿಳಿಯಿತು, ತಾಯಿ ಹತ್ತಿ ಬಿಡಿಸಲು ಬೆಳಕು ಹರಿಯುವ ಮೊದಲೇ ಹೋಗುತ್ತಿದ್ದಳು, ಹಾಸಿಗೆ ಹಿಡಿದ ಅಜ್ಜನಿಗೆ ಮುಖ ತೊಳೆಸಿ, ರೊಟ್ಟಿ ತಿನ್ನಿಸಿ ಹೊರಡುವ ಹೊಣೆ ಆ ಹತ್ತು ವರ್ಷದ ಮಗುವಿನದಾಗಿತ್ತು. ಅವನು ಒಮ್ಮೆಯೂ ಅದನ್ನು ನನಗೆ ಹೇಳಿರಲಿಲ್ಲ, ನಾನೂ ಒಮ್ಮೆಯೂ ಕೇಳಿರಲಿಲ್ಲ.

ಆ ಸಂಜೆಯೇ 200 ಪುಟದ ಒಂದು ನೋಟ್‌ಬುಕ್ ತಂದು, ಒಂದೊಂದು ಮಗುವಿಗೆ ನಾಲ್ಕು ಪುಟಗಳಂತೆ ಹಂಚಿದೆ. ಮಗು ಬಾರದ ದಿನಾಂಕ, ಮಗು ಹೇಳಿದ ಕಾರಣ, ಆಮೇಲೆ ನನಗೆ ತಿಳಿದುಬಂದ ಕಾರಣ, ಹೀಗೆ ಮೂರು ಕಲಂಗಳು. ಹಾಜರಿ ಪುಸ್ತಕ ಮಗು ಬಂದಿಲ್ಲವೆಂದು ಮಾತ್ರ ಹೇಳುತ್ತದೆ, ಏಕೆ ಬಂದಿಲ್ಲವೆಂಬುದು ಮೂರನೆಯ ಕಲಂನಲ್ಲಿ ಸಿಗುತ್ತದೆ. ಶಿಕ್ಷಕಿಯಾದವಳು ಆ ದಿನ ಆ ಮಗುವಿಗೆ ಏನಾಗಬೇಕೆಂಬುದು ನನಗೆ ಗೊತ್ತಾಗುತ್ತಿದ್ದುದು ಆ ಕಲಂನಿಂದಲೇ.

ಮೂರು ತಿಂಗಳು ಬರೆದ ಮೇಲೆ ಪುಟಗಳು ಮಾತಾಡತೊಡಗಿದವು. ಸಂತೆಯ ದಿನ ಯಾರು ಬರುವುದಿಲ್ಲ, ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಲು ಯಾರು ಮನೆಯಲ್ಲಿ ಉಳಿಯುತ್ತಾರೆ ಎಂಬುದು ಬೇಗ ಸ್ಪಷ್ಟವಾಯಿತು. ಕೂಸನ್ನು ಅಂಗನವಾಡಿಗೆ ಕಳಿಸುವಂತೆ ತಾಯಂದಿರನ್ನು ಒಪ್ಪಿಸಿದಾಗ ಅಂಥ ಕೆಲವು ಗೈರುಗಳು ನಿಂತವು. ಕಪ್ಪುಹಲಗೆ ಕಾಣದೆ ತಲೆನೋವೆಂದು ಮನೆಯಲ್ಲಿ ಉಳಿಯುತ್ತಿದ್ದ ಹುಡುಗಿಯನ್ನು, ಶಾಲೆಗೆ ಆರೋಗ್ಯ ತಪಾಸಣೆಗೆ ಬಂದ ತಂಡದ ಮುಂದೆ ನಿಲ್ಲಿಸಿದ್ದರಿಂದ ಅವಳಿಗೆ ಕನ್ನಡಕ ಸಿಕ್ಕಿತು. ಇಂಥಲ್ಲಿ ಶಿಕ್ಷಕರು ವೈದ್ಯರಾಗಲು ಹೋಗಬಾರದು, ಮಗುವಿನ ಜೊತೆಗೆ ವೈದ್ಯರ ತನಕ ನಡೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನನ್ನನ್ನು ಹೆಚ್ಚು ಕಾಲ ಕಾಡಿದ್ದು ಏಳನೇ ತರಗತಿಯ ಆರು ಹುಡುಗಿಯರ ಪುಟಗಳು. ತಿಂಗಳಿಗೆ ನಾಲ್ಕೈದು ದಿನ ಅವರು ಬರುತ್ತಿರಲಿಲ್ಲ, ಹೇಳುತ್ತಿದ್ದ ಕಾರಣ ಪ್ರತಿ ಸಲ ಜ್ವರ. ಶಾಲೆಯಲ್ಲಿ ಶೌಚಾಲಯವಿತ್ತು, ಆದರೆ ಒಳಗಿನಿಂದ ಚಿಲಕವಿರಲಿಲ್ಲ, ನೀರೂ ಇರಲಿಲ್ಲ. ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಮಹಿಳಾ ಸದಸ್ಯರನ್ನು ಬೇರೆಯಾಗಿ ಕೂರಿಸಿ ಮಾತಾಡಿದ ಮೇಲೆ ಚಿಲಕ, ಮುಚ್ಚಳದ ಬಕೆಟ್, ನೀರಿನ ಡ್ರಮ್ಮು ಹದಿನೈದು ದಿನಗಳಲ್ಲಿ ಬಂದವು. ಹುಡುಗಿಯರ ಜೊತೆ ಮಾತಾಡುವುದು ಅದಕ್ಕಿಂತ ಕಷ್ಟವಾಯಿತು. ನಾನು ಪಾಠದ ಧ್ವನಿಯಲ್ಲಿ ಶುರುಮಾಡಿದಾಗ ಅವರು ತಲೆ ತಗ್ಗಿಸಿ ಕುಳಿತರು. ನನಗೆ ಮೊದಲ ಸಲ ಮುಟ್ಟಾದಾಗ ನಾನು ಎಷ್ಟು ಹೆದರಿದ್ದೆನೆಂದು ಹೇಳಿಕೊಂಡ ಮೇಲೆ ಒಬ್ಬಳು ಮೆಲ್ಲಗೆ, "ಖರೇನ್ರೀ ಟೀಚರ್?" ಎಂದು ಕೇಳಿದಳು. ಅಲ್ಲಿಂದ ಮಾತು ಬಿಚ್ಚಿಕೊಂಡಿತು.

ಹೀಗೆ ಅಕ್ಕನಂತೆ ಹತ್ತಿರವಾಗುವುದಕ್ಕೆ ಒಂದು ಬೆಲೆಯೂ ಇದೆ. ಕೆಲವು ವರ್ಷಗಳ ನಂತರ ಹದಿಮೂರು ವರ್ಷದ ಒಬ್ಬ ಹುಡುಗಿ, ಬೇಸಿಗೆ ರಜೆಯಲ್ಲಿ ತನ್ನ ಮದುವೆಯೆಂದು ನನ್ನೊಬ್ಬಳಿಗೇ ಹೇಳಿದಳು. ತಂದೆಯನ್ನು ಎರಡು ಸಲ ಕಂಡೆ. ಹೆಣ್ಣಿಗೆ 18 ತುಂಬುವವರೆಗೆ ಮದುವೆ ಅಪರಾಧವೆಂದು 2006ರ ಕಾಯ್ದೆ ಹೇಳುವುದನ್ನೂ, ಮದುವೆ ಮಾಡಿಸಿದವರಿಗೆಲ್ಲ ಶಿಕ್ಷೆಯಾಗಬಹುದೆಂಬುದನ್ನೂ ತಿಳಿಸಿದೆ. ಒಪ್ಪದಿದ್ದಾಗ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆ. ಅಧಿಕಾರಿಗಳು ಬಂದು ಮುಚ್ಚಳಿಕೆ ಬರೆಸಿಕೊಂಡರು, ಮದುವೆ ನಿಂತಿತು, ಜೂನ್‌ನಲ್ಲಿ ಹುಡುಗಿ ಪ್ರೌಢಶಾಲೆಗೆ ಸೇರಿದಳು. ಆದರೆ ಅವಳು ಹೇಳಿದ ಗುಟ್ಟನ್ನು ನಾನು ಹೊರಗೆ ಹಾಕಿದೆನೆಂಬ ಮುನಿಸು ಬಹಳ ಕಾಲ ಅವಳ ಮುಖದಲ್ಲಿತ್ತು, ತಂದೆ ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ. ಕರೆ ಮಾಡುವ ಮೊದಲು ಅವಳನ್ನು ಕೂರಿಸಿಕೊಂಡು, ನಾನು ಹೀಗೆ ಮಾಡಲಿದ್ದೇನೆ, ಹೀಗಾಗಬಹುದು ಎಂದು ಹೇಳಬೇಕಿತ್ತು. ಈಗ ಯಾವ ಮಗು ಗುಟ್ಟು ಹೇಳಲು ಬಂದರೂ, ನಿನಗೆ ಅಪಾಯವಿರುವ ಮಾತಾದರೆ ನಾನು ಸುಮ್ಮನಿರಲಾರೆ ಎಂದು ಮೊದಲೇ ಹೇಳಿಬಿಡುತ್ತೇನೆ. ಆ ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಡದೆ ಬೀರುವಿನಲ್ಲಿಟ್ಟು ಬೀಗ ಹಾಕುವುದನ್ನೂ ಆಗಲೇ ರೂಢಿಸಿಕೊಂಡೆ.

ಗುಳೆಯನ್ನು ನಾನು ತಡೆಯಲಾರೆ. ಅಜ್ಜಿ ಇರುವ ಮನೆಗಳಿಗೆ ದಸರಾಕ್ಕೆ ಮೊದಲೇ ಹೋಗಿ, ಮಗುವನ್ನು ಊರಲ್ಲೇ ಬಿಡುವಂತೆ ಕೇಳುತ್ತೇನೆ. ಮಧ್ಯಾಹ್ನದ ಬಿಸಿಯೂಟವಂತೂ ಶಾಲೆಯಲ್ಲಿ ಇದ್ದೇ ಇದೆ, ಸಂಜೆಯ ಒಂದು ಗಂಟೆ ನಾನು ಮಕ್ಕಳ ಜೊತೆ ಕೂರುತ್ತೇನೆ. ಕೆಲವರು ಒಪ್ಪುತ್ತಾರೆ. ಹೊರಡಲೇಬೇಕಾದ ಮಕ್ಕಳ ಕೈಗೆ 2011ರಿಂದ ಒಂದೊಂದು ಪತ್ರ ಕೊಟ್ಟು ಕಳಿಸುತ್ತಿದ್ದೇನೆ. ಮಗು ಯಾವ ತರಗತಿಯಲ್ಲಿದೆ, ಓದು ಎಲ್ಲಿಗೆ ಬಂದಿದೆ, ಲೆಕ್ಕದಲ್ಲಿ ಭಾಗಾಕಾರ ಬರುತ್ತದೆಯೇ, ನನ್ನ ಫೋನ್ ನಂಬರ್ ಯಾವುದು, ಇಷ್ಟನ್ನು ಬರೆಯುತ್ತೇನೆ. ಕೊನೆಗೆ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲವೆಂಬ ಸಾಲನ್ನು ಸೇರಿಸುತ್ತೇನೆ. ಮೊದಲ ವರ್ಷದ ಒಂಬತ್ತು ಪತ್ರಗಳಲ್ಲಿ ಎರಡು ಮಾತ್ರ ಫಲ ಕೊಟ್ಟವು. ಉಳಿದ ಮಕ್ಕಳು ಇಡೀ ದಿನ ಮರಳಿನ ರಾಶಿಯ ಮೇಲೆ ಆಡಿಕೊಂಡಿದ್ದರೆಂದು ಮರಳಿದ ಮೇಲೆ ತಿಳಿದು ಬಹಳ ಸಂಕಟವಾಯಿತು. ಮರುವರ್ಷದಿಂದ ಪತ್ರವನ್ನು ತಂದೆಯ ಎದುರಿಗೇ ಓದಿ ಹೇಳಿ, ಅಲ್ಲಿಗೆ ತಲುಪಿದ ವಾರದಲ್ಲಿ ನಾನೇ ಫೋನ್ ಮಾಡತೊಡಗಿದೆ. ಆಗಿನಿಂದ ಹೆಚ್ಚು ಮಕ್ಕಳು ಶಾಲೆಯ ಮುಖ ಕಂಡರು.

ಪುಣೆಗೆ ಹೋಗಿದ್ದ ಒಬ್ಬ ಹುಡುಗ ಅಲ್ಲಿನ ಮರಾಠಿ ಶಾಲೆಯಲ್ಲಿ ಐದು ತಿಂಗಳು ಕುಳಿತು ಬಂದ. ಕನ್ನಡದ ಒತ್ತಕ್ಷರಗಳು ಅವನಿಗೆ ಮರೆತಂತಾಗಿದ್ದವು, ಅದಕ್ಕೆ ನಾವು ಎರಡು ತಿಂಗಳು ದುಡಿದೆವು. ಆದರೆ ಆರನೇ ತರಗತಿಯಲ್ಲಿ ಹಿಂದಿ ಶುರುವಾದಾಗ, ಮರಾಠಿಗೂ ಹಿಂದಿಗೂ ದೇವನಾಗರಿಯೇ ಲಿಪಿಯಾದ್ದರಿಂದ ಇಡೀ ತರಗತಿಯಲ್ಲಿ ತಡವರಿಸದೆ ಓದುತ್ತಿದ್ದವನು ಅವನೊಬ್ಬನೇ. ಉಳಿದವರಿಗೆ ಅಕ್ಷರ ತಿದ್ದಿಸುವ ಕೆಲಸವನ್ನು ಅವನಿಗೇ ಒಪ್ಪಿಸಿದೆ. ಈಗ ಅವನು ಪದವಿ ಓದುತ್ತಿದ್ದಾನೆ. ಕಳೆದ ದಸರಾ ರಜೆಯಲ್ಲಿ ಊರಿಗೆ ಬಂದಾಗ, ಪುಣೆಗೆ ಹೊರಟಿದ್ದ ಮೂರು ಮಕ್ಕಳ ಪತ್ರಗಳನ್ನು ನನ್ನ ಮೇಜಿನ ಎದುರು ಕುಳಿತು ಮರಾಠಿಯಲ್ಲಿ ಬರೆದುಕೊಟ್ಟ.